ಮೂರ್ಛೆರೋಗ ಮತ್ತು ಬಿಡಬಾರದ ಮಾತ್ರೆ

ಅಧ್ಯಕ್ಷರೆ, ಆಶಾ ಕಾರ್ಯಕರ್ತೆಯರೆ, ಬಂಧುಗಳೆ,

ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ, ಅಂದರೆ ಮೂರ್ಛೆರೋಗದ ದಿನ. ಈ ನೆಪದಲ್ಲಿ ಒಂದು ಮಾತನ್ನು ಒತ್ತಿ ಹೇಳಲು ಬಂದಿದ್ದೇನೆ: ವೈದ್ಯರು ಹೇಳದೆ ಮೂರ್ಛೆರೋಗದ ಮಾತ್ರೆಯನ್ನು ನಿಲ್ಲಿಸಬಾರದು. ಸರಿಯಾಗಿ ಪತ್ತೆಹಚ್ಚಿ ಸರಿಯಾಗಿ ಔಷಧ ಕೊಟ್ಟರೆ ಈ ರೋಗವಿರುವ 100 ಮಂದಿಯಲ್ಲಿ ಸುಮಾರು 70 ಮಂದಿ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ದುಬಾರಿ ಮದ್ದೇ ಬೇಕೆಂದಿಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹಿಡಿತಕ್ಕೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟಾಲ್ 1912ರಿಂದ ಈ ರೋಗಕ್ಕೆ ಬಳಕೆಯಲ್ಲಿದೆ.

ನಮ್ಮ ಸೀಮೆಯದೇ ಎನ್ನಬಹುದಾದ ಒಂದು ಬಗೆಯ ಫಿಟ್ಸ್ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿ, ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವುದು ನಮ್ಮ ಮನೆಗಳ ಪದ್ಧತಿ. ಮಗು ಅತ್ತಷ್ಟೂ ಅಜ್ಜಿಯ ಕೈ ಚುರುಕಾಗುತ್ತದೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಕೆಲವು ಮಕ್ಕಳಲ್ಲಿ ಹೀಗೆ ಎರೆಯುತ್ತಿರುವಾಗಲೇ ದೃಷ್ಟಿ ನೆಟ್ಟು ನಿಲ್ಲುತ್ತದೆ, ಮಾತು ತೊದಲುತ್ತದೆ, ಎದೆಯೊಳಗೆ ಕಾರಣವಿಲ್ಲದ ಭಯ ಏಳುತ್ತದೆ; ಕೆಲವರು ಪ್ರಜ್ಞೆ ತಪ್ಪಿ ಬಚ್ಚಲಲ್ಲೇ ಬೀಳುತ್ತಾರೆ. ಇನ್ನು ಕೆಲವರು ಅಂಥ ಸ್ಥಿತಿಯಲ್ಲೂ ಕೈ ನಿಲ್ಲಿಸದೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಬಚ್ಚಲಿನ ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರಿದ್ದಾರೆ. ಇದು ಬಿಸಿನೀರಿನ ಅಪಸ್ಮಾರ. ಡಾ. ಮಣಿಯವರೂ ಅವರ ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರೂ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದಾರೆ. ಅನೇಕರಿಗೆ ನೀರಿನ ಬಿಸಿ ತಗ್ಗಿಸಿದರೆ, ತಲೆಯ ಮೇಲೆ ಒಮ್ಮೆಗೇ ಸುರಿಯದಿದ್ದರೆ ಸಾಕಾಗುತ್ತದೆ; ಸಾಲದಿದ್ದರೆ ವೈದ್ಯರು ತಲೆಸ್ನಾನಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ ಕೊಡುತ್ತಾರೆ. ಸ್ನಾನಕ್ಕೆ ಸಂಬಂಧವಿಲ್ಲದೆಯೂ ಫಿಟ್ಸ್ ಬರತೊಡಗಿದರೆ ಮಾತ್ರ ದಿನನಿತ್ಯದ ಮಾತ್ರೆ ಬೇಕಾಗುತ್ತದೆ.

ದಿನವೂ ಏಕೆಂದು ಕೇಳುತ್ತೀರಿ. ಮಿದುಳಿನ ನರಕೋಶಗಳು ಒಮ್ಮೆಲೇ, ಮಿತಿಮೀರಿ ವಿದ್ಯುತ್ ಸಂಕೇತ ಹೊರಡಿಸಿದಾಗ ಫಿಟ್ಸ್ ಬರುತ್ತದೆ. ಮಾತ್ರೆ ಆ ಪ್ರವೃತ್ತಿಯನ್ನು ತಡೆದು ನಿಲ್ಲಿಸುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಇಳಿದ ಕೂಡಲೇ ಕಾವಲು ಸಡಿಲವಾಗುತ್ತದೆ. ‘ಆರು ತಿಂಗಳಿಂದ ಬಂದಿಲ್ಲ, ಇನ್ನೇಕೆ ಮಾತ್ರೆ?’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಬಂದಿಲ್ಲದಿರುವುದು ಆ ಮಾತ್ರೆಯಿಂದಲೇ. ಕನಿಷ್ಠ ಎರಡು ವರ್ಷ ಫಿಟ್ಸ್ ಬಾರದಿದ್ದ ಮೇಲೆ, ಅದೂ ವೈದ್ಯರು ಒಪ್ಪಿದರೆ, ನಿಧಾನವಾಗಿ ಇಳಿಸುತ್ತ ಬಿಡುವುದು ಕ್ರಮ.

ಮಾತ್ರೆ ತಪ್ಪುವುದಕ್ಕೆ ಮರೆವು ಮಾತ್ರ ಕಾರಣವಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಮಾತ್ರೆಯ ಪಟ್ಟಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು, ಅತ್ತೆ ಕೋಣೆಯಲ್ಲೇ ಕುಳಿತಿದ್ದ ರಾತ್ರಿ ಅದನ್ನು ನುಂಗದೆ ಮಲಗುತ್ತಾಳೆ. ಮೂರ್ಛೆರೋಗವು ಮದುವೆಗೆ ಅಡ್ಡಿಯೆಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ನಮ್ಮ ಮನೆಗಳ ಹಜಾರಗಳಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲವೆಂಬುದು ನನಗೆ ತೀರದ ಸಂಕಟ. ಅಮ್ಮಂದಿರೆ, ಮಾತ್ರೆಯ ವಿಷಯವನ್ನು ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿಬಿಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸರಿಯಾಗಿ ಆರಿಸಿದ ಯಾವುದೇ ಎರಡು ಔಷಧಗಳಿಗೂ ಬಗ್ಗದ ರೋಗಕ್ಕೆ ಕೆಲವರಲ್ಲಿ ಶಸ್ತ್ರಚಿಕಿತ್ಸೆ ಫಲ ಕೊಡುತ್ತದೆ. ಅಂಥವರು ಹಿರಿಯ ಕೇಂದ್ರಗಳಿಗೆ ಹೋಗಿ ಪರೀಕ್ಷಿಸಿಕೊಳ್ಳಬೇಕು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ವಾಲ್ಪ್ರೊಯೇಟ್ ಎಂಬ ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳು ಮಗುವಿನ ಯೋಚನೆ ಮಾಡುವ ಮುಂಚೆಯೇ ವೈದ್ಯರನ್ನು ಕಾಣಬೇಕು, ಏಕೆಂದರೆ ಆ ಔಷಧ ಗರ್ಭದ ಶಿಶುವಿಗೆ ಅಪಾಯಕಾರಿ, ಅದನ್ನು ಮೊದಲೇ ಬದಲಿಸಬೇಕಾದೀತು. ಆದರೆ ಇದನ್ನು ಕೇಳಿ ಗಾಬರಿಯಾಗಿ ಇಂದು ರಾತ್ರಿಯ ಮಾತ್ರೆಯನ್ನು ಬಿಡಬೇಡಿ. ಸಭೆ ಮುಗಿದ ಮೇಲೆ ನಿಮ್ಮ ಔಷಧದ ಚೀಟಿ ತಂದು ನನಗೆ ತೋರಿಸಿ.