ಜನ ಸೇರಿಸುವ ಮೊದಲು: ಉತ್ಸವ ಸಮಿತಿಗಳ ಜೊತೆ ಒಂದು ಮಾತು

ವೇದಿಕೆಯಲ್ಲಿರುವ ಹಿರಿಯರಿಗೆ, ಮಂಗಳೂರು, ಉಡುಪಿ ಕಡೆಯ ಬೇರೆ ಬೇರೆ ಸಮಿತಿಗಳಿಂದ ಬಂದವರಿಗೆ, ಹಿಂದಿನ ಸಾಲು ಹಿಡಿದು ಕೂತಿರುವ ಸ್ವಯಂಸೇವಕರಿಗೆ ನಮಸ್ಕಾರ.

ಸಮಿತಿ ಸಭೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವುದಕ್ಕೆ ಒಂದು ಗಂಟೆ. ಸ್ವಯಂಸೇವಕರ ಟೀ ಶರ್ಟ್ ಹಳದಿಯಾ, ನೀಲಿಯಾ ಅನ್ನುವುದಕ್ಕೆ ಅರ್ಧ ಗಂಟೆ. ಅನ್ನಸಂತರ್ಪಣೆಗೆ ಯಾವ ಪಾಯಸ ಅನ್ನುವುದಕ್ಕೆ ಇನ್ನರ್ಧ ಗಂಟೆ. ಎಲ್ಲ ಮುಗಿದು ಜನ ಚಪ್ಪಲಿ ಹುಡುಕುವಾಗ ಯಾರೋ ಒಬ್ಬರು ಕೇಳುತ್ತಾರೆ, "ಬಂದೋಬಸ್ತಿಗೆ ಎಂತ ಮಾಡುವುದು?" "ಅದು ಪೊಲೀಸರು ನೋಡಿಕೊಳ್ತಾರೆ ಮಾರಾಯ್ರೆ." ಸಭೆ ಮುಗಿಯಿತು.

ಪೊಲೀಸರು ನೋಡಿಕೊಳ್ಳುತ್ತಾರೆ, ನಿಜ. ಆದರೆ ವೇದಿಕೆ ಯಾವ ಮೂಲೆಯಲ್ಲಿ, ಗೇಟು ಎಷ್ಟು, ಐಸ್‌ಕ್ರೀಮ್ ಗಾಡಿ ಎಲ್ಲಿ ನಿಲ್ಲಬೇಕು, ಊಟದ ಸಾಲು ಎಲ್ಲಿಂದ ಶುರುವಾಗಬೇಕು ಅಂತ ತೀರ್ಮಾನ ಮಾಡುವವರು ನೀವು. ಪೊಲೀಸರು ಬರುವ ಹೊತ್ತಿಗೆ ಕಂಬ ನೆಟ್ಟಾಗಿದೆ, ಶಾಮಿಯಾನ ಕಟ್ಟಾಗಿದೆ. ಆಮೇಲೆ ಅವರು ಲಾಠಿ ಹಿಡಿದು ನಿಲ್ಲಬಹುದು, ಗೇಟನ್ನು ಅಗಲ ಮಾಡಲು ಆಗುವುದಿಲ್ಲ. ಜನ ಕ್ಷೇಮವಾಗಿ ಮನೆಗೆ ಹೋಗುತ್ತಾರಾ ಇಲ್ಲವಾ ಅನ್ನುವುದರ ಮುಕ್ಕಾಲು ಭಾಗ ನಿಮ್ಮ ಆ ಸಭೆಯಲ್ಲೇ ತೀರ್ಮಾನ ಆಗಿರುತ್ತದೆ.

ಈಗ ಒಂದು ಸಣ್ಣ ಕೆಲಸ ಮಾಡೋಣ. ಇಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದೇವೆ. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್. ಮುಂದಿನ ಸಾಲಿನಿಂದ ಇಬ್ಬರು ಬಂದು ನಿಲ್ಲಿ. ಆರಾಮ ಅಲ್ವಾ? ತಿರುಗಬಹುದು, ಬಗ್ಗಿ ಚಪ್ಪಲಿ ಸರಿ ಮಾಡಿಕೊಳ್ಳಬಹುದು. ಇನ್ನಿಬ್ಬರು ಬನ್ನಿ. ನಾಲ್ಕು ಜನ. ಈಗ ಭುಜಕ್ಕೆ ಭುಜ ತಾಗುತ್ತಿದೆ, ಆದರೂ ಪರವಾಗಿಲ್ಲ. ಇನ್ನೂ ಇಬ್ಬರು. ಆರು. ಈಗ ನಗು ನಿಂತಿತು ನೋಡಿ. ಸ್ವಾಮಿ, ನಿಮ್ಮ ಕೈ ಸ್ವಲ್ಪ ಮೇಲೆತ್ತಿ. ಆಗುವುದಿಲ್ಲ. ಇಲ್ಲಿ ಆರೇ ಜನ ಇದ್ದಾರೆ, ಸುತ್ತ ಖಾಲಿ ಜಾಗ ಇದೆ. ಇದೇ ಒತ್ತು ಹಿಂದೆ ಮುಂದೆ ನೂರು ಅಡಿ ಇದ್ದರೆ? ಸಾಕು, ಕೂತುಕೊಳ್ಳಿ. ಧನ್ಯವಾದ.

ಒಂದು ಚದರ ಮೀಟರಿಗೆ ಐದು ಜನ ದಾಟಿತು ಅಂದರೆ ಅಪಾಯ ಶುರುವಾಯಿತು ಅಂತಲೇ ಲೆಕ್ಕ. ಆರೇಳು ಆದರೆ ಯಾರೂ ಸ್ವಂತ ಕಾಲ ಮೇಲೆ ನಿಂತಿರುವುದಿಲ್ಲ. ಹಿಂದೆ ಒಬ್ಬರು ವಾಲಿದರೆ ಆ ತಳ್ಳು ಸಮುದ್ರದ ತೆರೆಯ ಹಾಗೆ ಮುಂದೆ ಮುಂದೆ ಹೋಗಿ ಎದುರಿನ ಬೇಲಿಗೆ ಬಡಿಯುತ್ತದೆ. ಜನ ಸಾಯುವುದು ಕಾಲ್ತುಳಿತದಿಂದ ಅಂತ ಪೇಪರಿನಲ್ಲಿ ಓದುತ್ತೇವೆ. ಹೆಚ್ಚಿನ ಸಲ ಹಾಗಲ್ಲ. ಎದೆ ಅಗಲಿಸಿ ಉಸಿರು ತೆಗೆದುಕೊಳ್ಳಲು ಜಾಗ ಇಲ್ಲದೆ, ನಿಂತಲ್ಲೇ ಸಾಯುತ್ತಾರೆ. 2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ ಹಾಗೇ ಆಯಿತು. ಒಂದು ಇಳಿಜಾರಿನ ಸಣ್ಣ ಗಲ್ಲಿ, ಹಬ್ಬದ ರಾತ್ರಿ, 150ಕ್ಕೂ ಹೆಚ್ಚು ಜನ ಹೋದರು.

ಇನ್ನೊಂದು ವಿಷಯ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ನಿಮಗೆಲ್ಲ ನೆನಪಿದೆ, 2025ರ ಜೂನ್ 4, ಆರ್‌ಸಿಬಿ ವಿಜಯೋತ್ಸವದ ದಿನ. ಅಲ್ಲಿ ಹಿಡಿಯುವುದು ಸುಮಾರು 35 ಸಾವಿರ ಜನ. ಬಂದದ್ದು ಅದರ ಎಷ್ಟೋ ಪಟ್ಟು. ಒಳಗೆ ಸಂಭ್ರಮ ನಡೆದೇ ಇತ್ತು, ಹೊರಗೆ ಗೇಟುಗಳ ಹತ್ತಿರ 11 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆ ಪ್ರಾಯದವರು. ಇಂಥದ್ದು ಆದಾಗ "ಜನರಿಗೆ ಶಿಸ್ತಿಲ್ಲ" ಅನ್ನುವ ಮಾತು ಬರುತ್ತದೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಗೇಟಿನ ಹೊರಗೆ ನಿಂತ ಹುಡುಗಿಗೆ ಒಳಗೆ ಜಾಗ ಇಲ್ಲ ಅಂತ ಯಾರು ಹೇಳಿದ್ದರು?

ಹಾಗಾಗಿ ನಿಮ್ಮ ಮೈದಾನದ ಲೆಕ್ಕ ಮಾಡಿ. ಒಟ್ಟು ಜಾಗದಿಂದ ವೇದಿಕೆ ಕಳೆಯಿರಿ, ವಿಐಪಿ ಸೋಫಾಗಳ ಜಾಗ ಕಳೆಯಿರಿ, ಚರುಮುರಿ ಅಂಗಡಿ ಕಳೆಯಿರಿ, ಜನರೇಟರ್ ಕಳೆಯಿರಿ. ಮೂಲೆಯಲ್ಲಿ ಮಳೆ ನೀರು ನಿಂತ ಕೆಸರು ಇದ್ದರೆ ಅದನ್ನೂ ಕಳೆಯಿರಿ, ಅಲ್ಲಿ ಯಾರೂ ನಿಲ್ಲುವುದಿಲ್ಲ. ಉಳಿದ ಜಾಗಕ್ಕೆ ಚದರ ಮೀಟರಿಗೆ ಇಬ್ಬರು ಅಂತ ಹಾಕಿ. ಬಂದ ಸಂಖ್ಯೆ ನಿಮ್ಮ ಪೋಸ್ಟರಿನಲ್ಲಿ ಹೇಳಿಕೊಳ್ಳುವ ಸಂಖ್ಯೆಗಿಂತ ತುಂಬಾ ಸಣ್ಣದಿರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ಗೇಟು. ಇದು ನನ್ನ ಮುಖ್ಯ ವಿಷಯ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ಒಂದು ನಿಮಿಷಕ್ಕೆ ಹೆಚ್ಚೆಂದರೆ 80 ಜನ ದಾಟುತ್ತಾರೆ. ಮೆಟ್ಟಿಲಿದ್ದರೆ ಇನ್ನೂ ಕಡಿಮೆ. ನಮ್ಮ ಕಡೆ ಹೆಚ್ಚಿನ ಕಾರ್ಯಕ್ರಮ ನಡೆಯುವುದು ಶಾಲೆಯ ಮೈದಾನದಲ್ಲಿ. ಸುತ್ತ ಕೆಂಪು ಕಲ್ಲಿನ ಕಂಪೌಂಡು, ಎದುರಿಗೆ ನಾಲ್ಕು ಮೀಟರಿನ ಒಂದು ಗೇಟು. ಎಂಟು ಸಾವಿರ ಜನ ಸೇರಿದ್ದಾರೆ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 320 ಜನ, ಅಂದರೆ ಎಲ್ಲರೂ ಹೊರಗೆ ಹೋಗಲು 25 ನಿಮಿಷ. ಅದೂ ಯಾರೂ ನಿಂತು ಮಾತಾಡದಿದ್ದರೆ. ಆದರೆ ಆ ಗೇಟಿನ ಎಡಕ್ಕೆ ಬಲೂನಿನವನು ನಿಂತಿರುತ್ತಾನೆ. ಬಲಕ್ಕೆ ನಮ್ಮದೇ ಸಮಿತಿಯವರ ಎರಡು ಸಾಲು ಬೈಕು. ಉಳಿಯುವುದು ಎರಡು ಮೀಟರ್. 25 ಇದ್ದದ್ದು 50 ನಿಮಿಷ ಆಯಿತು. ಶಾಮಿಯಾನಕ್ಕೆ ಬೆಂಕಿ ಹತ್ತಿದರೆ ನಮಗೆ ಸಿಗುವ ಹೊತ್ತು ಎಷ್ಟು? ಐದು ನಿಮಿಷವೂ ಸಿಗುವುದಿಲ್ಲ.

ಪರಿಹಾರ ದೊಡ್ಡ ಖರ್ಚಿನದ್ದಲ್ಲ. ಶಾಲೆಗೆ ಹಿಂದಿನ ಗೇಟು ಇದ್ದೇ ಇರುತ್ತದೆ. ತುಕ್ಕು ಹಿಡಿದಿರುತ್ತದೆ, ಬೀಗದ ಕೈ ಹೆಡ್‌ಮಾಸ್ಟರ ಮನೆಯಲ್ಲಿರುತ್ತದೆ. ಅದನ್ನು ಹಿಂದಿನ ದಿನವೇ ತೆರೆಸಿ, ಎಣ್ಣೆ ಹಾಕಿ, ಲೈಟ್ ಹಾಕಿ. ಗೇಟಿನ ಆಚೆ ಬದಿಯಲ್ಲಿ ಯಾರೂ ಕಾರು ನಿಲ್ಲಿಸದ ಹಾಗೆ ಒಬ್ಬರನ್ನು ನಿಲ್ಲಿಸಿ. ಎರಡೂ ಬದಿಯಿಂದ ಬಂದು ಹೋಗುವ ಜನ ಒಂದೇ ದಾರಿಯಲ್ಲಿ ಎದುರುಬದುರಾಗಬಾರದು. ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ 2010ರ ಜುಲೈ 24ರಂದು ಸಂಗೀತೋತ್ಸವಕ್ಕೆ ಬರುವವರಿಗೂ ಹೋಗುವವರಿಗೂ ಸುರಂಗ ಮತ್ತು ಇಳಿಜಾರಿನ ಒಂದೇ ದಾರಿ ಇತ್ತು. 21 ಜನ ತೀರಿಹೋದರು. ಅಲ್ಲಿ ಪೊಲೀಸರೂ ಇದ್ದರು, ಯೋಜನೆಯ ಕಾಗದವೂ ಇತ್ತು.

ಉಡುಪಿಯವರು ಇದ್ದೀರಿ. ನಿಮ್ಮ ರಥಬೀದಿಯ ಒಂದು ಅನುಕೂಲ ಏನೆಂದರೆ ಅದು ಸುತ್ತು ಬೀದಿ. ಜನ ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಎದುರುಬದುರಾಗದೆ ಹರಿಯುತ್ತಾ ಇರುತ್ತಾರೆ. ಕಷ್ಟ ಇರುವುದು ಹೊರಗೆ ಹೋಗುವ ಓಣಿಗಳಲ್ಲಿ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ಮಧ್ಯಾಹ್ನ ತೇರು ಹೊರಟಾಗ, ಮೊಸರು ಕುಡಿಕೆ ತೂಗುಹಾಕಿದ ಮರದ ಗುರ್ಜಿಗಳ ಕೆಳಗೆ ಜನ ಕತ್ತೆತ್ತಿ ನಿಂತುಬಿಡುತ್ತಾರೆ. ಮೊಸರು ಕುಡಿಕೆ ಒಡೆಯುವುದನ್ನು ನೋಡದೆ ಯಾರು ಹೋಗುತ್ತಾರೆ ಹೇಳಿ? ಅಲ್ಲಿ ನಿಲ್ಲಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ. ನಿಲ್ಲುತ್ತಾರೆ ಅಂತಲೇ ಇಟ್ಟುಕೊಂಡು, ಓಣಿಯ ಬಾಯಲ್ಲಿ ಅಂಗಡಿ ಬೋರ್ಡು, ಆಟಿಕೆಯ ಗಾಡಿ ಬರದ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆಯಿತು.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕ ಜಾಸ್ತಿ ಉಂಟು. ಮಳೆ. ದಸರಾ ಹೊತ್ತಿಗೆ ಸಂಜೆ ಗುಡುಗು ಸಿಡಿಲಿನ ಮಳೆ ಯಾವಾಗ ಬೇಕಾದರೂ ಬರಬಹುದು. ಮಳೆ ಬಂದ ಕೂಡಲೇ ಮೈದಾನದ ಜನ ಎಲ್ಲಿಗೆ ಓಡುತ್ತಾರೆ? ಶಾಲೆಯ ಜಗಲಿಗೆ, ವೇದಿಕೆಯ ಅಡಿಗೆ, ಅಂಗಡಿಯ ತಗಡಿನ ಕೆಳಗೆ. ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಆದದ್ದು ಇದೇ. ಜೋರು ಮಳೆ, ಜನ ಹೊರಗೆ ಇಳಿಯದೆ ಮೆಟ್ಟಿಲಲ್ಲೇ ನಿಂತರು, ಹಿಂದಿನಿಂದ ರೈಲು ಇಳಿದವರು ಬರುತ್ತಲೇ ಇದ್ದರು. 23 ಜನ ಸತ್ತರು. ಹಾಗಾಗಿ ಮಳೆ ಬಂದರೆ ಯಾವ ಕೋಣೆಗಳ ಬಾಗಿಲು ತೆರೆಯಬೇಕು, ಯಾರು ತೆರೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಉಂಟು, ಒಬ್ಬರ ಮೊಬೈಲಿನಲ್ಲಾದರೂ ಇರಲಿ. ತೆರೆದ ಮೈದಾನದಲ್ಲಿ ಗುಡುಗು ಕೇಳಿಸಿದರೆ ಕಾರ್ಯಕ್ರಮ ನಿಲ್ಲಿಸಬೇಕು. "ಇನ್ನೊಂದು ಹಾಡು ಮಾತ್ರ" ಅನ್ನುವುದು ಬೇಡ.

ಮಳೆಯ ಜೊತೆಗೇ ಕರೆಂಟ್. ನೆಲದ ಮೇಲೆ ಎಳೆದ ವೈರು, ಅಲ್ಲಲ್ಲಿ ಟೇಪ್ ಸುತ್ತಿದ ಜೋಡಣೆ, ಒದ್ದೆ ಹುಲ್ಲು, ಬರಿಗಾಲು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಸ್ವಿಚ್ ಹಾಕದ ಲೈಟಿಂಗಿನವರಿಗೆ ಕೆಲಸ ಕೊಡಬೇಡಿ. ಜನರೇಟರಿಗೆ ಅರ್ತಿಂಗ್ ಎಲ್ಲಿ ಮಾಡಿದ್ದೀರಿ ತೋರಿಸಿ ಅಂತ ಕೇಳಿ. ಟ್ಯಾಬ್ಲೋ ಇರುವ ಮೆರವಣಿಗೆಯಾದರೆ ಎತ್ತರ ಅಳೆಯಿರಿ. 2022ರ ಏಪ್ರಿಲ್‌ನಲ್ಲಿ ತಂಜಾವೂರಿನ ಹತ್ತಿರ ಕಳಿಮೇಡಿನಲ್ಲಿ ತೇರಿನ ಮೇಲಿನ ಅಲಂಕಾರ ಹೈಟೆನ್ಷನ್ ವೈರಿಗೆ ತಾಗಿ 11 ಜನ ಹೋದರು. ಮಂಗಳೂರಿನ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆಯಷ್ಟು ಉದ್ದದ್ದು ನಿಮ್ಮದಲ್ಲದಿರಬಹುದು. ಆದರೆ ನಿಮ್ಮ ವಾರ್ಡಿನ ಒಳರಸ್ತೆಯ ವೈರು ದೊಡ್ಡ ರಸ್ತೆಯ ವೈರಿಗಿಂತ ಕೆಳಗೆ ಜೋತಾಡುತ್ತಿರುತ್ತದೆ. ಟ್ಯಾಬ್ಲೋ ಕಟ್ಟುವ ಮೊದಲೇ ಕರೆಂಟ್ ಕಂಪನಿ ಮೆಸ್ಕಾಂನವರ ಜೊತೆ ಆ ದಾರಿಯಲ್ಲಿ ಒಂದು ಸಲ ನಡೆಯಿರಿ. ಬಿದಿರ ಕೋಲಿನಿಂದ ವೈರು ಎತ್ತುವ ಹುಡುಗರ ಸಾಹಸ ನೋಡಲು ಚಂದ, ಅಷ್ಟೇ.

ಸಿಡಿಮದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಸರಗೋಡು ಕಡೆಯ ನೀಲೇಶ್ವರ ದೂರದ ಊರಲ್ಲ. 2024ರ ಅಕ್ಟೋಬರ್ 28ರ ರಾತ್ರಿ ತೆಯ್ಯಂ ನೋಡಲು ನಿಂತವರ ಪಕ್ಕದ ಶೆಡ್ಡಿನಲ್ಲಿ ಸಿಡಿಮದ್ದು ಇಟ್ಟಿದ್ದರು, ಕಿಡಿ ಹಾರಿ ಅದಕ್ಕೇ ಬಿತ್ತು. 150ಕ್ಕೂ ಹೆಚ್ಚು ಜನರಿಗೆ ಗಾಯ. ಕೆಲವರನ್ನು ಮಂಗಳೂರಿಗೇ ತಂದಿದ್ದರು. ಸಂಗ್ರಹ ಒಂದು ಕಡೆ, ಹಚ್ಚುವುದು ಇನ್ನೊಂದು ಕಡೆ, ಜನ ಮತ್ತೊಂದು ಕಡೆ. ಅಷ್ಟು ಜಾಗ ನಿಮ್ಮಲ್ಲಿ ಇಲ್ಲವಾದರೆ ಸಿಡಿಮದ್ದು ಬೇಡ.

ಕಂಬಳದವರು ಯಾರಾದರೂ ಇದ್ದೀರಾ? ಕೋಣಗಳ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮೊಬೈಲ್ ಹಿಡಿದು ನಿಲ್ಲುವವರನ್ನು ಹಿಂದೆ ಸರಿಸುವುದೇ ಒಂದು ದೊಡ್ಡ ಕೆಲಸ. ಓಡಿ ಬಂದ ಕೋಣಗಳಿಗೆ ರೀಲ್ಸ್ ಅಂದರೆ ಏನು ಅಂತ ಗೊತ್ತಿಲ್ಲ. ಅಲ್ಲಿ ಹಗ್ಗ ಸಾಕಾಗುವುದಿಲ್ಲ, ಗಟ್ಟಿ ಬೇಲಿ ಬೇಕು.

ಈಗ ಭದ್ರತೆ. 2022ರ ನವೆಂಬರ್ 19ರಂದು ಮಂಗಳೂರಿನ ನಾಗುರಿಯಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಸ್ಫೋಟ ಆದ ಮೇಲೆ ನಮ್ಮೂರಿನಲ್ಲಿ ಅಂಥದ್ದೆಲ್ಲ ಆಗುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಬ್ಯಾಗ್ ತಪಾಸಣೆ, ಸಿಸಿ ಕ್ಯಾಮೆರಾ ಇರಲಿ. ಆದರೆ ವಾರಸುದಾರರಿಲ್ಲದ ಬ್ಯಾಗನ್ನು ಮೊದಲು ನೋಡುವುದು ಕ್ಯಾಮೆರಾ ಅಲ್ಲ, ಹೂ ಮಾರುವ ಹೆಂಗಸು, ರಿಕ್ಷಾದವರು, ಕಸ ಗುಡಿಸುವವರು. ಅವರ ಜೊತೆ ಹಿಂದಿನ ದಿನ ಹತ್ತು ನಿಮಿಷ ಮಾತಾಡಿ, ಯಾರಿಗೆ ಹೇಳಬೇಕು ಅಂತ ತಿಳಿಸಿ. ಬ್ಯಾಗು ಕಂಡರೆ ಮುಟ್ಟಬಾರದು, ಜನರನ್ನು ದೂರ ಮಾಡಿ 112ಕ್ಕೆ ಫೋನ್ ಮಾಡಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಭದ್ರತೆಯ ಹೆಸರಿನಲ್ಲಿ ನಾವು ಬಾಗಿಲು ಮುಚ್ಚುತ್ತೇವೆ. ಟಿಕೆಟ್ ಇಲ್ಲದವರು ನುಗ್ಗಬಾರದು ಅಂತ ಪಕ್ಕದ ಗೇಟಿಗೆ ಬೀಗ, ಮಂತ್ರಿಗಳು ಬರುತ್ತಾರೆ ಅಂತ ಒಂದು ರಸ್ತೆಗೇ ಬ್ಯಾರಿಕೇಡ್. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಬಾಲ್ಕನಿಯಿಂದ ಹೊರಬರುವ ದಾರಿಗೆ ಹೆಚ್ಚುವರಿ ಸೀಟು ಅಡ್ಡ ಇತ್ತು. ಕಾರ್ಯಕ್ರಮ ನಡೆಯುವಷ್ಟು ಹೊತ್ತು ಯಾವ ಗೇಟಿಗೂ ಬೀಗ ಬೇಡ. ಜನ ನುಗ್ಗುತ್ತಾರೆ ಅನ್ನುವ ಹೆದರಿಕೆ ಇದ್ದರೆ ಬೀಗದ ಬದಲು ಇಬ್ಬರು ಮನುಷ್ಯರನ್ನು ನಿಲ್ಲಿಸಿ.

ಇನ್ನು ನಿಲ್ಲಿಸುವ ಅಧಿಕಾರ. ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರ ನವೆಂಬರ್ 5ರ ಸಂಗೀತ ಕಾರ್ಯಕ್ರಮದಲ್ಲಿ ಜನ ಕುಸಿದು ಬೀಳುತ್ತಿದ್ದಾರೆ ಅಂತ ಪೊಲೀಸರಿಗೆ ಖಾತ್ರಿಯಾದ ಮೇಲೂ ಸುಮಾರು ಅರ್ಧ ಗಂಟೆ ಹಾಡು ನಡೆಯಿತು. 10 ಜನ ಹೋದರು. ನಮ್ಮಲ್ಲಿ ಹೇಗೆ? ಹುಡುಗನೊಬ್ಬ ಓಡಿ ಬಂದು ಎಡಗಡೆ ತುಂಬಾ ಒತ್ತುತ್ತಿದೆ ಅಂದರೆ, ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡುತ್ತಾರೆ, ಅಧ್ಯಕ್ಷರು ಮುಖ್ಯ ಅತಿಥಿಗಳ ಮುಖ ನೋಡುತ್ತಾರೆ. ಅತಿಥಿಗಳ ಭಾಷಣ ಮುಗಿದಿರುವುದಿಲ್ಲ. ಅದಕ್ಕೆ ಒಬ್ಬರನ್ನು ಹೆಸರು ಹಾಕಿ ನೇಮಿಸಿ. ಅವರು ವೇದಿಕೆ ಹತ್ತಬಾರದು, ಶಾಲು ಹೊದೆಸಿಕೊಳ್ಳಬಾರದು, ಊಟದ ಉಸ್ತುವಾರಿಯೂ ಬೇಡ. ಎತ್ತರದ ಜಾಗದಲ್ಲಿ ನಿಂತು ಜನರನ್ನು ನೋಡುವುದೇ ಅವರ ಕೆಲಸ. ಅವರು ಕೈ ಎತ್ತಿದರೆ ಮೈಕಿನವರು ಹಾಡು ನಿಲ್ಲಿಸಬೇಕು, ಯಾರನ್ನೂ ಕೇಳಬಾರದು. ಜನ ಜಾಸ್ತಿಯಾದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ವಾಕಿಟಾಕಿ ಬಾಡಿಗೆಗೆ ಸಿಗುತ್ತದೆ, ಇಲ್ಲದಿದ್ದರೆ ಸೀಟಿ ಸಾಕು.

ನಿಲ್ಲಿಸಿದ ಮೇಲೆ ಏನು ಹೇಳಬೇಕು ಅನ್ನುವುದನ್ನೂ ಬರೆದು ನಿರೂಪಕರ ಕೈಗೆ ಕೊಟ್ಟಿರಿ. "ಕಾರ್ಯಕ್ರಮ ಸ್ವಲ್ಪ ಹೊತ್ತು ನಿಲ್ಲಿಸಿದ್ದೇವೆ. ಬಾವಿಯ ಬದಿಯಲ್ಲಿ ಇರುವವರು ಹಿಂದಿನ ಗೇಟಿನಿಂದ ನಿಧಾನವಾಗಿ ಹೊರಗೆ ಹೋಗಿ. ಮುಂದೆ ಇರುವವರು ಇದ್ದಲ್ಲೇ ಇರಿ." ಇಷ್ಟೇ. ಕನ್ನಡದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ. ಎಡ, ಬಲ ಅನ್ನಬೇಡಿ, ಯಾರ ಎಡ ಅಂತ ಗೊಂದಲ ಆಗುತ್ತದೆ. ಬಾವಿ, ಅಶ್ವತ್ಥಕಟ್ಟೆ, ಧ್ವಜಕಂಬ ಅಂತ ಕಣ್ಣಿಗೆ ಕಾಣುವುದನ್ನೇ ಹೇಳಿ. ಲೈಟ್ ಆರಿಸಬಾರದು. ಮೈಕ್ ಮತ್ತು ದಾರಿಯ ಲೈಟಿಗೆ ಬೇರೆ ಜನರೇಟರ್ ಇದ್ದರೆ ಒಳ್ಳೆಯದು.

ಆಂಬುಲೆನ್ಸ್ ಮೂತಿ ರಸ್ತೆಯ ಕಡೆಗಿರಲಿ, ಎದುರಿಗೆ ಬೈಕ್ ನಿಲ್ಲದಿರಲಿ. ಎದೆ ಒತ್ತಿ ಉಸಿರು ಮರಳಿಸುವುದನ್ನು ಕಲಿತ ನಾಲ್ಕು ಸ್ವಯಂಸೇವಕರು ಇರಲಿ. ಸಣ್ಣ ಮಕ್ಕಳ ಕಿಸೆಯಲ್ಲಿ ಮನೆಯವರ ಫೋನ್ ನಂಬರಿನ ಚೀಟಿ ಹಾಕಲು ಗೇಟಿನಲ್ಲೇ ಪೆನ್ನು ಕಾಗದ ಇಡಿ. ಮೈಕ್ ಅನುಮತಿ ರಾತ್ರಿ ಹತ್ತರ ತನಕ ಅನ್ನುವುದು ನಿಮಗೆ ಗೊತ್ತೇ ಇದೆ, ಅದರ ಬಗ್ಗೆ ಪೊಲೀಸರೇ ಹೇಳುತ್ತಾರೆ.

ಕೊನೆಯದಾಗಿ ಸ್ವಯಂಸೇವಕರ ಊಟ. ನಗಬೇಡಿ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹುಡುಗರಿಗೆಲ್ಲ ಹಸಿವಾಗಿರುತ್ತದೆ, ಎಲ್ಲರೂ ಒಟ್ಟಿಗೆ ಪಂಕ್ತಿಗೆ ಕೂರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಸಾವಿರಾರು ಜನ ಒಮ್ಮೆಲೇ ಎದ್ದು ಗೇಟಿಗೆ ಬರುತ್ತಾರೆ, ಗೇಟಿನಲ್ಲಿ ಟೀ ಶರ್ಟಿನವರು ಒಬ್ಬರೂ ಇರುವುದಿಲ್ಲ. ಅರ್ಧ ಜನರಿಗೆ ಏಳು ಗಂಟೆಗೇ ಊಟ ಹಾಕಿಬಿಡಿ. ಕೊನೆಯ ಬೈಕ್ ಹೋಗುವ ತನಕ ಅವರು ಗೇಟು ಬಿಡಬಾರದು.

ಪ್ರಶ್ನೆಗಳಿದ್ದರೆ ಕೇಳಿ. ಕಾರ್ಯಕ್ರಮಕ್ಕೆ ಇನ್ಶೂರೆನ್ಸ್ ಮಾಡಿಸಬಹುದಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಅದರಿಂದಲೇ ಶುರು ಮಾಡೋಣ.