ಸಂಜೆಯ ಮೈದಾನ ಮಕ್ಕಳಿಗೇ ಇರಲಿ

ಪಾಲಕರೇ, ಶಿಕ್ಷಕ ಮಿತ್ರರೇ, ಮುಂದೆ ಜಮಖಾನೆ ಮೇಲೆ ಕುಳಿತಿರುವ ಆರನೇ ತರಗತಿಯ ಹೊಸ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆಯ ವಸತಿ ಶಾಲೆಗಳ ಮಕ್ಕಳಿಗೆ ಆಟ ಕಲಿಸುವುದು ನನ್ನ ಕೆಲಸ. ಜೂನ್ ಬಂದರೆ ಪಾಲಕರು ತಪ್ಪದೆ ಕೇಳುತ್ತಾರೆ: ‘ಸರ್, ಸಂಜೆ ಆಟ ಬಿಡಿಸಿ ಇನ್ನೊಂದು ಕ್ಲಾಸ್ ಇಟ್ಟರೆ ಆಗೋದಿಲ್ವಾ?’ ದಯವಿಟ್ಟು ಬೇಡ. ಯಾಕೆ ಬೇಡ ಅಂತ ಹೇಳುವುದಕ್ಕೇ ಬಂದಿದ್ದೇನೆ.

ಮೊರಾರ್ಜಿ ದೇಸಾಯಿ ಶಾಲೆ ಇರಲಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆ ಇರಲಿ, ನವೋದಯ ಇರಲಿ, ಮಗು ಬರುವುದು ಆರನೇ ತರಗತಿಗೆ. ಹತ್ತು-ಹನ್ನೊಂದರ ವಯಸ್ಸು. ಹಗಲು ಹೇಗೋ ಕಳೆಯುತ್ತದೆ. ಮನೆ ನೆನಪಾಗುವುದು ಹೊತ್ತು ಇಳಿದಾಗ. ಊರಲ್ಲಿ ಎಮ್ಮೆ ಹಿಂಡುವ ಹೊತ್ತು, ಅವ್ವ ರೊಟ್ಟಿ ಬಡಿಯುವ ಹೊತ್ತು ಅದು. ಆಗ ಪುಸ್ತಕ ಕೊಟ್ಟು ಕೂರಿಸಿದರೆ ಮಗು ಓದುವುದಿಲ್ಲ, ಅಳುತ್ತದೆ.

ಅದಕ್ಕೇ ಹೊಸಬರನ್ನು ನಾನು ಮೊದಲು ಖೋ ಖೋಗೆ ಇಳಿಸುತ್ತೇನೆ. ಎಂಟು ಮಂದಿ ಸಾಲಾಗಿ ಕೂರಬೇಕು, ಒಬ್ಬ ಈ ಕಡೆ ಮುಖ ಮಾಡಿದರೆ ಪಕ್ಕದವನು ಆ ಕಡೆ. ಒಂಬತ್ತನೆಯವನು ಎದುರು ತಂಡದಲ್ಲಿ ಓಡುವವರನ್ನು ಬೆನ್ನಟ್ಟುತ್ತಾನೆ. ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಅನ್ನುವವರೆಗೆ ಕೂತವನು ಏಳುವಂತಿಲ್ಲ. ಓಡಲು ಶುರು ಮಾಡಿದ ಮೇಲೆ ದಿಕ್ಕು ಬದಲಿಸುವಂತಿಲ್ಲ, ಸಾಲು ದಾಟುವಂತಿಲ್ಲ. ಓಡುವವರು ಆ ಕಡೆ ನುಗ್ಗಿದರೆ ಆ ಕಡೆ ಮುಖ ಮಾಡಿ ಕೂತವನನ್ನೇ ಎಬ್ಬಿಸಬೇಕು. ಎಷ್ಟೇ ಜೋರಾಗಿ ಓಡುವ ಹುಡುಗನಿಗೂ ಉಳಿದವರು ಬೇಕೇ ಬೇಕು. ವಾರವಿಡೀ ತುಟಿ ಬಿಚ್ಚದ ಮಕ್ಕಳು ಇಲ್ಲಿ ಗಟ್ಟಿಯಾಗಿ ‘ಖೋ’ ಅಂತಾರೆ. ಅನ್ನದಿದ್ದರೆ ಆಟ ಮುಂದೆ ಹೋಗುವುದಿಲ್ಲ, ಅಲ್ವಾ? ಆ ರಾತ್ರಿ ಊಟದ ಪಂಕ್ತಿಯಲ್ಲಿ ಅವರು ಒಬ್ಬರೇ ಕೂರುವುದಿಲ್ಲ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ಪ್ರವಾಸ. ಒಂದೇ ದಿನ ಏಳೆಂಟು ಊರು ತೋರಿಸಿ, ನಡುರಾತ್ರಿ ಮಕ್ಕಳನ್ನು ತಂದು ಇಳಿಸುವ ಪ್ರವಾಸ ನನಗೆ ಹಿಡಿಸುವುದಿಲ್ಲ. ಒಂದೇ ಜಾಗಕ್ಕೆ ಹೋಗೋಣ, ಸಾವಕಾಶ ನೋಡೋಣ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಹೊಲಗಳಲ್ಲಿ ಮೇಯುತ್ತವೆ, ನೀರಿಗೆ ಮರಳುತ್ತವೆ. ಗದ್ದಲ ಮಾಡಿದರೆ ಹಾರಿಹೋಗುತ್ತವೆ. ಹಾಗಾಗಿ ಇಡೀ ತರಗತಿ ಸುಮ್ನೆ ಕೂರುತ್ತದೆ, ಯಾರೂ ಬೈಯಬೇಕಿಲ್ಲ. ಆಮೇಲೆ ಬುತ್ತಿ ಬಿಚ್ಚಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು. ಲಕ್ಕುಂಡಿಗೆ ಇನ್ನೊಂದು ದಿನ ಹೋಗಬಹುದು, ಅದಕ್ಕೂ ಪೂರ್ತಿ ದಿನ ಬೇಕು.

ಭೇಟಿಯ ಭಾನುವಾರದ ಬಗ್ಗೆಯೂ ಒಂದು ಮಾತು. ಕೂಲಿ ಬಿಟ್ಟು ಬರಲಾಗದ, ಬಸ್ ಸಿಗದ ತಂದೆತಾಯಿ ಇದ್ದಾರೆ. ಅವರ ಮಕ್ಕಳು ಆ ದಿನ ಗೇಟಿನ ಕಡೆ ನೋಡುತ್ತಲೇ ಇರುತ್ತಾರೆ. ನೀವು ಶೇಂಗಾ ಉಂಡಿ ಕಟ್ಟುವಾಗ ಕೋಣೆಯಲ್ಲಿರುವ ಎಲ್ಲರಿಗೂ ಆಗುವಷ್ಟು ಕಟ್ಟಿ. ಹಂಚುವ ಕೆಲಸ ನಿಮ್ಮ ಮಗನಿಗೆ, ಮಗಳಿಗೆ ಬಿಡಿ.

ಇನ್ನು ಮುಂದೆ ಬಂದಾಗ ಮಧ್ಯಾಹ್ನವೇ ಹೊರಟುಬಿಡಬೇಡಿ. ಐದು ಗಂಟೆಗೆ ಮೈದಾನಕ್ಕೆ ಬನ್ನಿ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿರುತ್ತೇನೆ. ಮಗು ಆಡುವುದನ್ನು ನೋಡಿಕೊಂಡು ಕೊನೆಯ ಬಸ್ಸಿಗೆ ಹೋಗಬಹುದು.