ಹಳೆ ಟ್ಯಾಬ್, ಹೊಸ ಅಪ್‌ಡೇಟ್: ಒತ್ತುವ ಮೊದಲು

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಹಳೆ ಟ್ಯಾಬ್ ಉಂಟು. ಕೊಲ್ಲಿಯಿಂದ ರಜೆಗೆ ಬಂದವರು ತಂದುಕೊಟ್ಟ ಐಪ್ಯಾಡ್ ಇರಬಹುದು. 2020ರಲ್ಲಿ ಶಾಲೆಯ ಪಾಠ ಆನ್‌ಲೈನ್ ಆದಾಗ ಮಕ್ಕಳಿಗೆಂದು ಕೊಂಡ ಆಂಡ್ರಾಯ್ಡ್ ಟ್ಯಾಬ್ ಇರಬಹುದು. ಈಗ ಅದರಲ್ಲಿ ಅಜ್ಜಿ ಯಕ್ಷಗಾನ ನೋಡುತ್ತಾರೆ. ಒಂದು ದಿನ ಪರದೆಯ ಮೇಲೆ ಹೊಸ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಕಾಣುತ್ತದೆ. ಹಾಕಿದರೆ ಟ್ಯಾಬ್ ಹ್ಯಾಂಗ್ ಆಗುತ್ತದೆ ಎಂದು ಕೆಲವರು ವರ್ಷಗಟ್ಟಲೆ ಮುಂದೂಡುತ್ತಾರೆ. ಕೆಲವರು ಏನನ್ನೂ ನೋಡದೆ ಒತ್ತಿ, ಮರುದಿನ ಹಂಪನಕಟ್ಟೆಯ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಈ ಎರಡಕ್ಕೂ ನಡುವೆ ಒಂದು ದಾರಿ ಉಂಟು. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಅಪ್‌ಡೇಟ್‌ಗಳಲ್ಲಿ ಎರಡು ಜಾತಿ. ಒಂದು, ಸೆಕ್ಯುರಿಟಿ ಪ್ಯಾಚ್. ಕಳ್ಳರು ನುಗ್ಗಬಹುದಾದ ಬಿರುಕುಗಳನ್ನು ಮುಚ್ಚುವುದಷ್ಟೇ ಅದರ ಕೆಲಸ. ಪರದೆಯ ರೂಪ ಬದಲಾಗುವುದಿಲ್ಲ, ಹೊಸ ಹೊರೆಯೂ ಹೆಚ್ಚೇನೂ ಬೀಳುವುದಿಲ್ಲ. ಇದನ್ನು ಯೋಚಿಸದೆ ಹಾಕಿಕೊಳ್ಳಿ. ಇನ್ನೊಂದು, ದೊಡ್ಡ ಆವೃತ್ತಿ: ಆಂಡ್ರಾಯ್ಡ್ 12 ಇದ್ದದ್ದು 13 ಆಗುವುದು, ಐಪ್ಯಾಡ್‌ಓಎಸ್ 16 ಇದ್ದದ್ದು 17 ಆಗುವುದು. ಯೋಚನೆ ಬೇಕಾದದ್ದು ಇಲ್ಲಿ ಮಾತ್ರ. ಐಪ್ಯಾಡ್‌ನಲ್ಲಿ ಚುಕ್ಕೆಗಿಂತ ಮೊದಲಿನ ಅಂಕೆ ಬದಲಾದರೆ ದೊಡ್ಡದು, ನಂತರದ ಅಂಕೆ ಬದಲಾದರೆ ಸಾಮಾನ್ಯವಾಗಿ ಚಿಕ್ಕದು.

ದೊಡ್ಡ ಆವೃತ್ತಿ ಬಂದಾಗ ಹಳೆ ಟ್ಯಾಬ್ ಯಾಕೆ ಏದುಸಿರು ಬಿಡುತ್ತದೆ? ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್, ಹಳೆಯದು ಎಂದು ಹೆಚ್ಚಿನವರು ಹೇಳುತ್ತಾರೆ. ಆದರೆ ಮೊದಲು ಸಾಲದೆ ಬರುವುದು ರ‍್ಯಾಮ್. ಸ್ಟೋರೇಜ್ ಉಗ್ರಾಣವಾದರೆ ರ‍್ಯಾಮ್ ಅಡುಗೆಮನೆಯ ಕಟ್ಟೆ. ಹೊಸ ಆವೃತ್ತಿ ತಾನೇ ಕಟ್ಟೆಯ ಹೆಚ್ಚಿನ ಜಾಗ ಹಿಡಿದರೆ ಆ್ಯಪ್‌ಗಳಿಗೆ ಉಳಿಯುವುದು ಒಂದು ಮೂಲೆ. ಆಗ ಆಂಡ್ರಾಯ್ಡ್ ಒಂದು ಉಪಾಯ ಮಾಡುತ್ತದೆ: ಸದ್ಯಕ್ಕೆ ಬೇಡದ ಮಾಹಿತಿಯನ್ನು ರ‍್ಯಾಮ್‌ನ ಒಳಗೇ ಹಿಂಡಿ ಚಿಕ್ಕದು ಮಾಡಿ ಇಡುತ್ತದೆ. ಹಿಂಡುವುದಕ್ಕೂ ಮತ್ತೆ ಬಿಡಿಸುವುದಕ್ಕೂ ಪ್ರೊಸೆಸರ್ ದುಡಿಯಬೇಕು. ನೀವು ಯೂಟ್ಯೂಬ್‌ನಿಂದ ವಾಟ್ಸಾಪ್‌ಗೆ ಹೋಗಿ ಮರಳಿ ಬಂದಾಗ ವಿಡಿಯೋ ಮೊದಲಿನಿಂದ ಲೋಡ್ ಆಗುತ್ತದಲ್ಲ, ಅದು ಕಟ್ಟೆಯಲ್ಲಿ ಜಾಗ ಸಾಲದ ಗುರುತು.

ಹಾಗಾಗಿ ಮೊದಲು ರ‍್ಯಾಮ್ ಎಷ್ಟೆಂದು ತಿಳಿಯಿರಿ. ಸ್ಯಾಮ್ಸಂಗ್ ಟ್ಯಾಬ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಡಿವೈಸ್ ಕೇರ್, ಅದರೊಳಗೆ ಮೆಮೊರಿ. ಬೇರೆ ಕಂಪನಿಯದ್ದರಲ್ಲಿ ಹೆಚ್ಚಾಗಿ ಅಬೌಟ್ ಟ್ಯಾಬ್ಲೆಟ್ ಎಂಬಲ್ಲಿ ಸಿಗುತ್ತದೆ. 4 ಜಿಬಿ ಇದ್ದರೆ ಕಂಪನಿ ಕೊಟ್ಟ ಅಪ್‌ಡೇಟ್ ಹಾಕಿ. 3 ಜಿಬಿ ಇದ್ದರೆ ಹಾಕಬಹುದು, ಆದರೆ ಒಮ್ಮೆಗೆ ಒಂದೆರಡು ಆ್ಯಪ್ ಮಾತ್ರ ತೆರೆಯುವ ಅಭ್ಯಾಸ ಬೇಕು. 2 ಜಿಬಿ ಇದ್ದು ಈಗ ಚೆನ್ನಾಗಿ ನಡೆಯುತ್ತಿದ್ದರೆ ದೊಡ್ಡ ಆವೃತ್ತಿ ಬಿಡುವುದೇ ಒಳ್ಳೆಯದು. ಆದರೆ ಒಂದು ಮಾತು: ದೊಡ್ಡದನ್ನು ಬಿಟ್ಟರೆ ಅನೇಕ ಟ್ಯಾಬ್‌ಗಳಿಗೆ ನಂತರದ ಪ್ಯಾಚ್‌ಗಳೂ ಬರುವುದಿಲ್ಲ. ಹಾಗೆ ಬಿಟ್ಟ ಟ್ಯಾಬ್‌ನಲ್ಲಿ ಬ್ಯಾಂಕ್ ಆ್ಯಪ್, ಯುಪಿಐ ಇಡಬೇಡಿ. ಯಕ್ಷಗಾನ, ವಾರ್ತೆ, ಪಾಠದ ಪಿಡಿಎಫ್‌ಗೆ ಅದು ಸಾಕು.

ಐಪ್ಯಾಡ್‌ನ ಸೆಟ್ಟಿಂಗ್ಸ್‌ನಲ್ಲಿ ರ‍್ಯಾಮ್ ತೋರಿಸುವುದಿಲ್ಲ. ಜನರಲ್, ಅಬೌಟ್ ಎಂಬಲ್ಲಿ ಮಾಡೆಲ್ ಹೆಸರು ನೋಡಬೇಕು. 2011ರ ಐಪ್ಯಾಡ್ 2ರಲ್ಲಿ ಇದ್ದದ್ದು 512 ಎಂಬಿ ಮಾತ್ರ. ಐಪ್ಯಾಡ್‌ಓಎಸ್‌ಗೆ ಆಗ ಐಓಎಸ್ ಎಂದು ಹೆಸರು. ಐಓಎಸ್ 4ರಲ್ಲಿ ಹುಟ್ಟಿದ ಆ ಐಪ್ಯಾಡ್ ಐಓಎಸ್ 9ರ ತನಕ ನಡೆಯಿತು. ಕೊನೆಗೆ ಕೀಬೋರ್ಡ್ ಮೂಡುವುದಕ್ಕೂ ಕಾಯಬೇಕಾಯಿತು. 2013ರ ಐಪ್ಯಾಡ್ ಏರ್ 1 ಜಿಬಿಯದ್ದು, ಐಓಎಸ್ 12ಕ್ಕೆ ನಿಂತಿತು. 2014ರ ಏರ್ 2 ಹೊತ್ತದ್ದು 2 ಜಿಬಿ, ಐಪ್ಯಾಡ್‌ಓಎಸ್ 15ರ ತನಕ ಬಂತು. ಸಾದಾ ಐಪ್ಯಾಡ್‌ಗಳಲ್ಲಿ 2017ರ ಐದನೇ ತಲೆಮಾರಿನದ್ದು 16ಕ್ಕೆ, 2018ರ ಆರನೆಯದು 17ಕ್ಕೆ, 2019ರ ಏಳನೆಯದು 18ಕ್ಕೆ ನಿಂತವು. ಐಪ್ಯಾಡ್‌ನಲ್ಲಿ ಒಮ್ಮೆ ಮೇಲೆ ಹೋದರೆ ಕೆಳಗೆ ಇಳಿಯಲಾಗದು. ಹಳೆ ಆವೃತ್ತಿಗೆ ಆಪಲ್ ತನ್ನ ಡಿಜಿಟಲ್ ಸಹಿ ಕೊಡುವುದನ್ನು ನಿಲ್ಲಿಸಿದ ಮೇಲೆ ಅಂಗಡಿಯವರಿಗೂ ಅದು ಆಗದ ಕೆಲಸ.

ಹಾಗೆಂದು ಪ್ರತಿ ದೊಡ್ಡ ಆವೃತ್ತಿಯೂ ಹಳೆಯದನ್ನು ಕುಂಟಿಸುತ್ತದೆ ಎಂದು ತಿಳಿಯಬಾರದು. 2018ರ ಐಓಎಸ್ 12 ಇದಕ್ಕೆ ಸಾಕ್ಷಿ. ಹಳೆ ಯಂತ್ರಗಳ ವೇಗ ಹೆಚ್ಚಿಸುವುದನ್ನೇ ಅದರಲ್ಲಿ ಮುಖ್ಯ ಗುರಿಯಾಗಿಟ್ಟರು. ಐಓಎಸ್ 11ರಲ್ಲಿ ತೆವಳುತ್ತಿದ್ದ ಐಪ್ಯಾಡ್ ಏರ್, ಮಿನಿ 2 ಎರಡೂ 12 ಹಾಕಿದ ಮೇಲೆ ಚುರುಕಾದವು. ಏರ್ ಇನ್ನೂ 11ರಲ್ಲೇ ಉಂಟೆಂದಾದರೆ ಇವತ್ತೇ 12 ಹಾಕಿ.

ಇನ್ನು ಸ್ಟೋರೇಜ್. ಅಪ್‌ಡೇಟ್ ವಿಫಲವಾಗುವುದು ಹೆಚ್ಚಾಗಿ ಇಲ್ಲಿ. ಹಳೆ ಟ್ಯಾಬ್‌ನ ಸ್ಟೋರೇಜ್ ಚಿಪ್ ಬರೆದದ್ದರ ಮೇಲೆ ನೇರವಾಗಿ ಬರೆಯಲಾರದು. ಮೊದಲು ಒಂದು ಇಡೀ ತುಂಡನ್ನು ಅಳಿಸಬೇಕು, ಆಮೇಲೆ ಬರೆಯಬೇಕು. ಖಾಲಿ ತುಂಡುಗಳು ಕಡಿಮೆಯಾದಂತೆ ಅದು ಇಲ್ಲಿಂದ ಅಲ್ಲಿಗೆ ಸಾಗಿಸುತ್ತಲೇ ಇರುತ್ತದೆ. 32 ಜಿಬಿಯಲ್ಲಿ 31 ತುಂಬಿದ ಟ್ಯಾಬ್ ಅಪ್‌ಡೇಟ್ ಇಲ್ಲದೆಯೂ ನಿಧಾನ ಆಗುವುದು ಇದಕ್ಕೇ. ಒಟ್ಟು ಜಾಗದ ಐದನೇ ಒಂದು ಭಾಗ ಖಾಲಿ ಇರಲಿ. 32 ಜಿಬಿಗೆ ಆರು ಜಿಬಿ. ವಾಟ್ಸಾಪ್‌ನ ವಿಡಿಯೋ ಮತ್ತು ಯೂಟ್ಯೂಬ್‌ನ ಡೌನ್‌ಲೋಡ್ ಅಳಿಸಿದರೆ ಅರ್ಧ ಕೆಲಸ ಆದ ಹಾಗೆ. 16 ಜಿಬಿಯ ಐಪ್ಯಾಡ್‌ನಲ್ಲಿ ಜಾಗ ಸಾಲದಿದ್ದರೆ ಕಂಪ್ಯೂಟರ್‌ಗೆ ಕೇಬಲ್ ಹಾಕಿ ವಿಂಡೋಸ್ ಆದರೆ ಐಟ್ಯೂನ್ಸ್, ಮ್ಯಾಕ್ ಆದರೆ ಫೈಂಡರ್ ಮೂಲಕ ಅಪ್‌ಡೇಟ್ ಮಾಡಿ. ಫೈಲನ್ನು ಇಳಿಸಿ ಬಿಚ್ಚುವ ಕೆಲಸ ಕಂಪ್ಯೂಟರ್‌ನಲ್ಲಿ ನಡೆಯುವುದರಿಂದ ಐಪ್ಯಾಡ್‌ನಲ್ಲಿ ಕಡಿಮೆ ಜಾಗ ಸಾಕು.

ಅಪ್‌ಡೇಟ್ ಹಾಕುವ ಹೊತ್ತನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಏಪ್ರಿಲ್, ಮೇ ಸಂಜೆ ಗುಡುಗು, ಮಿಂಚು, ಹಿಂದೆಯೇ ಕರೆಂಟ್ ಹೋಗುವುದು. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಚಿಂತೆಯಿಲ್ಲ, ವೈಫೈ ಬಂದ ಮೇಲೆ ಮತ್ತೆ ಶುರುವಾಗುತ್ತದೆ. ಇನ್‌ಸ್ಟಾಲ್ ಆಗುವಾಗ ಬ್ಯಾಟರಿ ಸತ್ತರೆ ಅದು ತೊಂದರೆ. ಆದ್ದರಿಂದ ಬೆಳಿಗ್ಗೆ, 50 ಶೇಕಡಕ್ಕಿಂತ ಹೆಚ್ಚು ಚಾರ್ಜ್ ಇದ್ದಾಗ, ಚಾರ್ಜರ್ ಹಾಕಿಯೇ ಮಾಡಿ. ಚಾರ್ಜರ್ 10 ವಾಟಿನದ್ದಾದರೂ ಇರಲಿ. ಹಳೆ ಫೋನಿನ 5 ವಾಟಿನ ಚಾರ್ಜರ್ ಸಿಕ್ಕಿಸಿದರೆ, ಪರದೆ ಉರಿಯುತ್ತಿರುವಾಗ ತುಂಬುವುದಕ್ಕಿಂತ ಖರ್ಚಾಗುವುದೇ ಹೆಚ್ಚಾಗಬಹುದು. ಮಳೆಗಾಲದ ತೇವಕ್ಕೆ ಪಿನ್ ಹಸಿರುಗಟ್ಟಿದೆಯೇ, ಕೇಬಲ್ ಅಲುಗಾಡುತ್ತದೆಯೇ ಎಂದು ಮೊದಲು ನೋಡಿ. ಪರದೆ ಅಂಚಿನಲ್ಲಿ ಎದ್ದಿದ್ದರೆ, ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಚಾರ್ಜಿಗೇ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ. ಬ್ಯಾಟರಿ ಬದಲಿಸುವವರ ಹತ್ತಿರ ಕೊಡಿ.

ಹಾಕಿದ ಮೇಲೆ ಎರಡು ದಿನ ತಾಳ್ಮೆ ಬೇಕು. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ಹೆಚ್ಚಿನವರು ಮೊದಲ ಗಂಟೆಯಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಹೊಸ ಆವೃತ್ತಿ ಒಳಗೆ ಬಂದ ಕೂಡಲೇ ಆಂಡ್ರಾಯ್ಡ್ ಪ್ರತಿ ಆ್ಯಪನ್ನೂ ತನಗೆ ತಕ್ಕಂತೆ ಮತ್ತೆ ಅಣಿಗೊಳಿಸುತ್ತದೆ. ಐಪ್ಯಾಡ್ ಫೋಟೋಗಳನ್ನು, ಹುಡುಕುವ ಪಟ್ಟಿಯನ್ನು ಹೊಸದಾಗಿ ಜೋಡಿಸುತ್ತದೆ. ಟ್ಯಾಬ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಎರಡು ರಾತ್ರಿ ವೈಫೈ ಮತ್ತು ಚಾರ್ಜರ್ ಜೊತೆ, ಗಾಳಿಯಾಡುವ ಮೇಜಿನ ಮೇಲೆ ಬಿಡಿ. ಹಾಸಿಗೆಯ ಮೇಲೆ ಬೇಡ. ನಮ್ಮ ಸೆಖೆಗೆ ಬಿಸಿ ಹೊರಗೆ ಹೋಗುವುದಿಲ್ಲ, ಬಿಸಿಯಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಮೂರನೇ ದಿನವೂ ನಿಧಾನವೇ? ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿಯೊಳಗೆ ರೆಡ್ಯೂಸ್ ಮೋಶನ್, ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ ಎರಡನ್ನೂ ಆನ್ ಮಾಡಿ. ಜನರಲ್ ಒಳಗೆ ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಟ್ಯಾಬ್ಲೆಟ್ ಒಳಗಿನ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ. ಡೆವಲಪರ್ ಆಪ್ಶನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಆನಿಮೇಶನ್ ಸ್ಕೇಲ್ ಎಂಬ ಮೂರು ಸಾಲುಗಳಿವೆ, ಮೂರನ್ನೂ 0.5ಕ್ಕೆ ಇಳಿಸಿ; ಬೇರೆ ಯಾವುದನ್ನೂ ಮುಟ್ಟಬೇಡಿ. ಬಳಸದ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಕೊನೆಯ ಮದ್ದು ಫ್ಯಾಕ್ಟರಿ ರೀಸೆಟ್. ಅದಕ್ಕೆ ಮೊದಲು ಫೋಟೋ ಬ್ಯಾಕಪ್ ತೆಗೆಯಿರಿ, ಗೂಗಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಬೇರೆ ಫೋನಿನಲ್ಲಿ ಲಾಗಿನ್ ಆಗಿ ಖಾತ್ರಿ ಮಾಡಿಕೊಳ್ಳಿ. ಟ್ಯಾಬ್ ತಂದುಕೊಟ್ಟವರ ಖಾತೆಯೇ ಅದರಲ್ಲಿ ಇನ್ನೂ ಇದ್ದರೆ, ರೀಸೆಟ್ ಆದ ಮೇಲೆ ಅವರ ಪಾಸ್‌ವರ್ಡ್ ಇಲ್ಲದೆ ಅದು ತೆರೆಯದೇ ಹೋಗಬಹುದು.

ಅಪ್‌ಡೇಟ್ ಬರುವುದೇ ನಿಂತ ಟ್ಯಾಬ್‌ಗಳ ಬಗ್ಗೆ ಎರಡು ವಿಷಯ. ವೆಬ್‌ಸೈಟ್ ಸುರಕ್ಷಿತವಲ್ಲ ಎಂದು ಎಲ್ಲ ಕಡೆಯೂ ತೋರಿಸಿದರೆ ಮೊದಲು ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಇಳಿದಾಗ ಅದು ಹಿಂದಕ್ಕೆ ಹೋಗಿರಬಹುದು. ದಿನಾಂಕ ಸರಿ ಇದ್ದೂ, ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯದಾದರೆ, ಎಷ್ಟೋ ತಾಣಗಳು ತಾವು ಅಸಲಿ ಎಂದು ತೋರಿಸಲು ಬಳಸುವ ಹೊಸ ಪ್ರಮಾಣಪತ್ರದ ಗುರುತು ಅದಕ್ಕಿಲ್ಲ. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಳ್ಳುವುದರಿಂದ ಅಂಥ ಟ್ಯಾಬ್‌ನಲ್ಲಿ ಅದು ಮೊದಲೇ ಇದ್ದರೆ ತಾಣ ತೆರೆಯಬಹುದು. ಹಳೆ ಐಪ್ಯಾಡ್‌ನಲ್ಲಿ ಆ್ಯಪ್ ಇಳಿಯದಿದ್ದರೆ ಅದೇ ಆಪಲ್ ಖಾತೆಯಿಂದ ಹೊಸ ಐಫೋನ್‌ನಲ್ಲಿ ಒಮ್ಮೆ ಇಳಿಸಿ. ಆಮೇಲೆ ಹಳೆಯದರ ಆ್ಯಪ್ ಸ್ಟೋರ್‌ನಲ್ಲಿ ಪರ್ಚೇಸ್ಡ್ ಎಂಬಲ್ಲಿಗೆ ಹೋಗಿ ಅದೇ ಆ್ಯಪನ್ನು ತಟ್ಟಿ. ಹೊಂದುವ ಹಳೆ ಆವೃತ್ತಿ ಬೇಕೇ ಎಂದು ಅದು ಕೇಳಿದರೆ ಹೌದು ಎನ್ನಿ.

ನಮಸ್ಕಾರ.